ಎತ್ತುವ ಕುರ್ಚಿ

ಊರವರೆಲ್ಲ ಓಡಾಡುವ ಬಾಡಿಗೆ ಡ್ರೋನ್ ಕುರ್ಚಿಗಳಿಗೆ ಬ್ಯಾಟರಿ ಹಾಕಿ ಕೊಡುವುದು ಕಸ್ತೂರಿಯ ಕೆಲಸ. ಗಿರಾಕಿಯ ತೂಕ ಒತ್ತಿದರೆ ಎಷ್ಟು ಹೊತ್ತು ಹಾರಬಹುದು, ಯಾವ ಬ್ಯಾಟರಿ ಬೇಕು ಎಂದು ಸಾಫ್ಟ್‌ವೇರ್ ಹೇಳುತ್ತದೆ. ಜನ ತೂಕದಲ್ಲಿ ಸುಳ್ಳು ಹೇಳುತ್ತಾರೆಂದು ಅವಳೇ ನಾಲ್ಕಾರು ಕಿಲೋ ಸೇರಿಸಿಕೊಳ್ಳುತ್ತಿದ್ದಳು.

ಇಂದು ಸಾಲಿನಲ್ಲಿ ಬಂದವನು ಚನ್ನವೀರ. ಹಿಂದೊಮ್ಮೆ ಅವಳನ್ನು ನೋಡಲು ಬಂದು, ಉಪ್ಪಿಟ್ಟು ತಿಂದು, ಮನೆಮಂದಿಯೆದುರೇ "ಈಕಿನ್ನ ಎತ್ತೋ ಕುರ್ಚಿ ಇನ್ನೂ ಹುಟ್ಟಿಲ್ಲ ಬಿಡ್ರಿ" ಎಂದು ನಕ್ಕು ಹೋದವನು. ಅವನಿಗೆ ಅವಳ ಗುರುತೇ ಸಿಗಲಿಲ್ಲ.

"ಹಿನ್ನೀರು ದಾಟಬೇಕ್ರಿ. ಹೆಣ್ಣು ನೋಡಾಕ ಹೊಂಟೀನಿ."

ಇನ್ನೂ ನೋಡುತ್ತಲೇ ಇದ್ದಾನೆ, ಪುಣ್ಯಾತ್ಮ!

"ತೂಕ ಎಷ್ಟ್ರಿ?"

ಅವನು ಹೊಟ್ಟೆಯನ್ನು ಒಳಗೆಳೆದುಕೊಂಡ. "ಎಪ್ಪತ್ತು."

ನೂರಕ್ಕೆ ಕಮ್ಮಿಯಿಲ್ಲವೆಂದು ಕಣ್ಣಿಗೇ ಕಾಣುತ್ತಿತ್ತು. ಕಸ್ತೂರಿ ಎಪ್ಪತ್ತೆಂದೇ ಒತ್ತಿ, ಸಾಫ್ಟ್‌ವೇರ್ ಹೇಳಿದ ಸಣ್ಣ ಬ್ಯಾಟರಿಯನ್ನೇ ಕೊಟ್ಟಳು.

ಸ್ವಲ್ಪ ಹೊತ್ತಿಗೆ ಅವನ ಫೋನ್ ಬಂತು. ಬ್ಯಾಟರಿ ಮುಗಿದು, ಕುರ್ಚಿ ಹಿನ್ನೀರಿನ ನಡುಗಡ್ಡೆಯ ಕೆಸರಿನಲ್ಲಿ ಇಳಿದಿತ್ತು. ಅವಳು ಸ್ಪೀಕರ್ ಹಾಕಿದಳು. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು.

"ಬ್ಯಾರೆ ಕುರ್ಚಿ ಕಳಸ್ರಿ, ಅಕ್ಕಾರ!"

"ಖರೇ ತೂಕ ಹೇಳ್ರಿ. ಜೋರಾಗಿ."

"ನೂರಾ... ನೂರಾ ಹತ್ತು!"

ಕಸ್ತೂರಿ ಸಾಲಿನತ್ತ ಒಮ್ಮೆ ನೋಡಿ, ನಿಧಾನವಾಗಿ ಹೇಳಿದಳು: "ನಿಮ್ಮನ್ನ ಎತ್ತೋ ಕುರ್ಚಿ ಇನ್ನೂ ಹುಟ್ಟಿಲ್ಲ ಬಿಡ್ರಿ."