ಹಿಂದಿನ ಬೆಂಚಿನ ಉತ್ತರ

ಅವ್ವನ ಶವಪೆಟ್ಟಿಗೆ ಚರ್ಚಿನ ಒಳಗೆ ಹೋಯಿತು. ಮಗಳು ವರ್ಲೀನ್ ಬಾಗಿಲಲ್ಲೇ ನಿಲ್ಲಬೇಕಾಯಿತು. ಪಾದ್ರಿ ಪ್ರೂಯಿಟ್ ಅಡ್ಡ ನಿಂತಿದ್ದರು.

"ಹಾಡ್ಬೇಕು ಅಂದ್ರೆ ಮೊದಲು ಸಭೆ ಮುಂದೆ ತಪ್ಪೊಪ್ಪಿಕೋ. ಇನ್ಮೇಲೆ ಆ ಸೈತಾನನ ಹಾಡು ಬಾಯಲ್ಲಿ ಬರಲ್ಲ ಅನ್ನು."

"ಅದಕ್ಕೀಗ ರಿದಮ್ ಅಂಡ್ ಬ್ಲೂಸ್ ಅಂತಾರೆ, ಪಾದ್ರಿಗಳೇ."

"ಸೈತಾನನಿಗೆ ಹೊಸ ಕೋಟು ಹೊಲಿಸಿದ್ರೆ ಬಾಲ ಮುಚ್ಚುತ್ತೇನಮ್ಮ?"

ವರ್ಲೀನ್ ಸೇಂಟ್ ಲೂಯಿಸ್‌ನಿಂದ ಬಸ್ಸಿನಲ್ಲಿ ಕರಿಯರಿಗೆಂದು ಬಿಟ್ಟ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದಳು. ಮಿಸಿಸಿಪ್ಪಿಯ ಈ ಮೂಲೆಯಲ್ಲೂ ರೇಡಿಯೊದಲ್ಲಿ ಅವಳ ಹಾಡು ಮೊಳಗದ ಕ್ಷೌರದಂಗಡಿ ಇರಲಿಲ್ಲ, ಪಾದ್ರಿಗಳು ಗಡ್ಡ ಹೆರೆಸಿಕೊಳ್ಳುವ ಅಂಗಡಿಯೂ ಸೇರಿದಂತೆ. ಅವ್ವ ಕೊನೆಯ ಕಾಗದದಲ್ಲಿ ಬರೆಸಿದ್ದು ಒಂದೇ ಮಾತು: 'ನನ್ನ ಮಣ್ಣಿಗೆ ನಿನ್ನ ದನಿ ಬೇಕು.' ಬಾಯಿಮಾತಿಗೆ ಕ್ಷಮೆ ಕೇಳಿ ಹಾಡಿಬಿಡುವುದು ಸುಲಭವಿತ್ತು. ಆದರೆ ಸುಳ್ಳಾಡಿದ ಬಾಯಿಂದ ಅವ್ವನನ್ನು ಬೀಳ್ಕೊಡಲು ಅವಳು ತಯಾರಿರಲಿಲ್ಲ.

"ತಪ್ಪು ಮಾಡಿದ್ರೆ ತಾನೇ ಒಪ್ಪಿಕೊಳ್ಳೋದು? ಹಿಂದಿನ ಬೆಂಚಲ್ಲಿ ಕೂರ್ತೀನಿ, ಬಿಡಿ."

"ಕೂರು. ಆದ್ರೆ ಹಾಡು ಎತ್ತಕೂಡದು."

"ಎತ್ತಲ್ಲ. ಮಾತು ಕೊಟ್ಟೆ."

ಆ ಚರ್ಚಿನಲ್ಲಿ ಹಾಡು ಎತ್ತುವುದು ಅಮೋಸ್ ಮಾವನ ಕೆಲಸ. ಪುಸ್ತಕ ಓದಲು ಬಾರದವರ ಕಾಲದಿಂದ ಬಂದ ಪದ್ಧತಿ: ಅವನು ಒಂದು ಸಾಲು ಹೇಳಬೇಕು, ಸಭೆ ಅದನ್ನು ಎಳೆದೆಳೆದು ಹಾಡಿ ಉತ್ತರ ಕೊಡಬೇಕು. ಪಾದ್ರಿಗಳು ಹಾಡು ಬರೆದು ಕೊಟ್ಟ ಚೀಟಿಯನ್ನು ಎಂಬತ್ತರ ಆ ಮುದುಕ ನೋಡಿದ, ಮಡಚಿ ಜೇಬಿಗಿಟ್ಟ. ಪೆಟ್ಟಿಗೆಯಲ್ಲಿ ಮಲಗಿದ್ದ ತಂಗಿಗೆ ಇಷ್ಟವಾದ ಹಾಡನ್ನೇ ಎತ್ತಿದ.

"ಆಚೆ ದಡದಲಿ ದೀಪವ ಹಿಡಿಯೋ, ತಂದೆ..."

ಸಭೆ ಉತ್ತರ ಕೊಟ್ಟಿತು. ಹಿಂದಿನ ಬೆಂಚಿನಿಂದ ಬಂದ ಒಂದು ದನಿ ಉಳಿದೆಲ್ಲ ದನಿಗಳ ಅಡಿಗೆ ಹೋಗಿ, ಮೂಟೆ ಹೊರುವವರ ಹಾಗೆ, ಸಾಲನ್ನು ಹೆಗಲಿಗೇರಿಸಿಕೊಂಡಿತು. ಎರಡನೆಯ ಸಾಲಿಗೆ ಹೆಂಗಸರ ಬೀಸಣಿಗೆಗಳು ನಿಂತವು. ಮೂರನೆಯ ಸಾಲಿಗೆ ಇಡೀ ಸಭೆ ಹಿಂದಕ್ಕೆ ತಿರುಗಿ ಕೂತಿತು.

"ಅವಳು ಹಾಡಕೂಡದು ಅಂದಿದ್ದೆ!" ಪಾದ್ರಿಗಳು ಅಮೋಸನ ಕಿವಿಯಲ್ಲಿ ಬುಸುಗುಟ್ಟಿದರು.

"ಎತ್ತಕೂಡದು ಅಂದ್ರಿ. ಎತ್ತಿದ್ದು ನಾನು, ಅವಳು ಉತ್ತರ ಕೊಡ್ತಾ ಇದ್ದಾಳೆ. ದೇವರ ಮನೇಲಿ ಉತ್ತರ ಕೊಡಬೇಡ ಅನ್ನೋಕೆ ನಂಗೆ ಬರಲ್ಲಪ್ಪ. ಬೇಕಾದ್ರೆ ನೀವು ಹೇಳಿ."

ನಾಲ್ಕನೆಯ ಸಾಲಿಗೆ ಮುದುಕ ಪೆಟ್ಟಿಗೆಯತ್ತ ನೋಡಿದ. ಸಾಲು ಹೇಳದೆ, ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ.

ಸಾಲು ಬಾರದೆ ಉತ್ತರವಿಲ್ಲ. ಎಲ್ಲರ ಕಣ್ಣು ವರ್ಲೀನಳ ಮೇಲೆ. ಆ ಸಾಲು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ತುಟಿ ಬಿಗಿದು, ಕೈಕಟ್ಟಿ ಕೂತಳು. ಕೊಟ್ಟ ಮಾತು ಕೊಟ್ಟ ಮಾತೇ. ಅವ್ವ ಕಾಯುತ್ತಿದ್ದಳು, ಸಭೆ ಕಾಯುತ್ತಿತ್ತು.

ಪಾದ್ರಿ ಪ್ರೂಯಿಟ್ ಎದುರಿಗಿದ್ದ ಇನ್ನೂರು ಬೆನ್ನುಗಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡು ನಾಲ್ಕನೆಯ ಸಾಲನ್ನು ತಾವೇ ಎತ್ತಿ, ಹಿಂದಿನ ಬೆಂಚಿನ ಉತ್ತರಕ್ಕೆ ಕಾಯುತ್ತ ನಿಂತರು.