ಕಟ್ಟೆಯ ಮೇಲಿನ ಕಲ್ಲು

ಜಯಕ್ಕ ಅತ್ತ ತಿರುಗಿದ್ದೇ ತಡ, ರಂಗೇಶ್ ಬೂಟಿನ ತುದಿಯಿಂದ ಅವಳಿಟ್ಟ ಕಲ್ಲನ್ನು ಕಟ್ಟೆಯಿಂದ ಕೆಳಕ್ಕೆ ಉರುಳಿಸಿದ. ಥೂ, ಇವರೆಲ್ಲ ಯಾವ ಕಾಲದ ಜನ!

ಮಾರಿಕಣಿವೆ ಕಡೆಯ ಆ ಗುಡ್ಡದ ಬುಡದಲ್ಲಿ ಅವಳದೊಂದು ಟೀ ಅಂಗಡಿ. ಎದುರಿನ ಕಟ್ಟೆಯ ಮೇಲೆ ಆಗಲೇ ಎರಡು ಕಲ್ಲುಗಳಿದ್ದವು.

“ಗುಡ್ಡ ಹತ್ತೋರು ಒಂದು ಕಲ್ಲು ಇಟ್ಟು ಹೋಗ್ಬೇಕ್ರಿ,” ಎಂದಿದ್ದಳು.

“ನಿಮ್ಮ ಕಲ್ಲುದೇವ್ರು ನಿಮಗೇ ಇರ್ಲಿ. ನನ್ನ ಬ್ಯಾಗೇ ನನಗೆ ದೇವ್ರು.”

“ಆಗ್ಲಿ ಬಿಡ್ರಿ, ನಾನೇ ಇಡ್ತೀನಿ. ಹೋಗಿ ಬರ್ರಿ, ನಾನು ನೋಡ್ಕಂತೀನಿ.” ಕಲ್ಲಿಟ್ಟು, ಉಕ್ಕುತ್ತಿದ್ದ ಹಾಲಿನ ಕಡೆ ಓಡಿದ್ದಳು.

ಇವಳು ನೋಡಿಕೊಳ್ಳುತ್ತಾಳಂತೆ! ಅವನ ಬ್ಯಾಗಿನಲ್ಲಿ ಏನಿಲ್ಲ? ಹಗ್ಗ, ಟಾರ್ಚು, ಬ್ಯಾಂಡೇಜು, ಸೀಟಿ, ದುರ್ಬೀನು ಕೂಡ. ಹಿರಿಯೂರಿನ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ಉಪದೇಶ ಕೊಡುವವನು ಅವನು. ಮನೆಯಲ್ಲಿ ಮಾತ್ರ ಹೇಳಿ ಬಂದಿರಲಿಲ್ಲ. ಅರ್ಧ ದಿನದ ಗುಡ್ಡಕ್ಕೆ ವರದಿ ಬೇರೆ ಕೇಡು.

ಅರ್ಧ ದಾರಿಯಲ್ಲಿ ಕುರಿ ಮೇಯಿಸುವ ಎತ್ತಪ್ಪ ಸಿಕ್ಕ. ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಕೋಲು, ಅಷ್ಟೇ.

“ಬಿದ್ದು ಕಾಲು ಮುರಿದ್ರೆ ಏನ್ ಮಾಡ್ತೀಯ ಯಜಮಾನ?”

“ಜಯಕ್ಕ ಅವ್ಳಲ್ಲಪ್ಪ.”

ರಂಗೇಶ್ ಬಿದ್ದು ಬಿದ್ದು ನಕ್ಕ. ಟೀ ಕಾಯಿಸುವವಳೂ ದೇವರಾದಳು!

ಮಧ್ಯಾಹ್ನದ ಹೊತ್ತಿಗೆ, ದೂರದ ಕೋಡುಗಲ್ಲಿನ ಬಳಿ, ಅವನು ನಿಜವಾಗಿಯೂ ಬಿದ್ದ. ಕಾಲು ಲಟಕ್ಕೆಂದಿತು. ನೋವಿಗೆ ಕಣ್ಣು ಕತ್ತಲಿಟ್ಟರೂ ಪಟ್ಟಿಯನ್ನು ಶಿಸ್ತಾಗಿಯೇ ಸುತ್ತಿಕೊಂಡ. ಫೋನಿಗೆ ಸಿಗ್ನಲ್ ಇಲ್ಲ. ಸೀಟಿ ಊದಿದ. ನೆತ್ತಿಯ ಮೇಲೆ ಸಾಲುಗಟ್ಟಿ ತಿರುಗುತ್ತಿದ್ದ ಗಾಳಿಯಂತ್ರಗಳ ಭೋರ್ಗರೆತ ಅದನ್ನು ನುಂಗಿಹಾಕಿತು. ನೀರು ಮುಗಿಯಿತು. ಕರಡಿ ಓಡಾಡುವ ಗುಡ್ಡ, ಕತ್ತಲಾದರೆ ಗತಿಯೇನು?

ಸಂಜೆ ದುರ್ಬೀನು ಕಣ್ಣಿಗೇರಿಸಿದ. ಕೆಳಗೆ ಅಂಗಡಿ ಕಂಡಿತು. ಅಬ್ಬಾ, ಜಯಕ್ಕ ಇನ್ನೂ ಬಾಗಿಲು ಹಾಕಿಲ್ಲ! ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಗುಡ್ಡ ಇಳಿದು ಬಂದವಳು, ಕಟ್ಟೆಯ ಮೇಲಿನ ಒಂದು ಕಲ್ಲನ್ನು ತೆಗೆದು ಪಕ್ಕಕ್ಕೆಸೆದಳು. ಹಿಂದೆಯೇ ಕುರಿಗಳೊಂದಿಗೆ ಎತ್ತಪ್ಪ ಬಂದ. ಅವನೂ ಒಂದು ಕಲ್ಲು ತೆಗೆದೆಸೆದ.

ರಂಗೇಶ್ ಮತ್ತೆ ಜೋರಾಗಿ ಸೀಟಿ ಊದತೊಡಗಿದ.

ಜಯಕ್ಕ ಬಂದು ಖಾಲಿ ಕಟ್ಟೆಯನ್ನು ನೋಡಿದಳು. ಹತ್ತಿದವರೆಲ್ಲ ಇಳಿದಾಯಿತೆಂಬ ನೆಮ್ಮದಿಯಲ್ಲಿ ಅಂಗಡಿಗೆ ಬೀಗ ಹಾಕಿ ಮನೆಗೆ ಹೊರಟಳು.