ಸೀಸದ ಶೆಡ್ಡಿನ ಭೂಪಾಲ

ಕಾರು ಲೋಕಾಪುರ ದಾಟಿ ಮುಧೋಳದ ರಸ್ತೆ ಹಿಡಿಯುವಷ್ಟರಲ್ಲಿ ಭೂಪಾಲನ ವಾಂತಿ ಧರೆಪ್ಪನ ಪ್ಯಾಂಟಿನ ಮೇಲೆ ಬಿತ್ತು.

“ಅವನ ತಲಿ ಹಗೂರ ಹಿಡ್ಕೋಲೇ,” ಎಂದು ಮುಂದಿನ ಸೀಟಿನಿಂದ ಸಾಹುಕಾರ ನಿಶಾಂತ ಗದರಿದ.

ಧರೆಪ್ಪನಿಗೆ ಮೈಯೆಲ್ಲ ಉರಿಯಿತು. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಈ ಸಾಹುಕಾರನ ಶೆಡ್ಡಿನಲ್ಲಿ ಅವನ ಹರೆಯವೇ ಸವೆದಿತ್ತು. ಹೊಟ್ಟೆ ಹಿಂಡುತ್ತದೆ, ಮುಂಗೈ ಜೋತು ಬೀಳುತ್ತದೆ ಎಂದು ಗೋಗರೆದರೆ, “ಕುಡದಿರಬೇಕು” ಎಂದು ನಕ್ಕು ಕಳಿಸಿದ್ದ ಮಹಾನುಭಾವ. ಮೊನ್ನೆ ಮೊನ್ನೆ ಶೆಡ್ಡು ಸೇರಿದ ಭೂಪಾಲನಿಗೆ ಮಾತ್ರ ದಿನಾ ಹಾಲು, ತತ್ತಿ! ಕೆಲಸವಾದರೂ ಎಂಥದ್ದು? ಬಾಗಿಲಲ್ಲಿ ಬಿದ್ದುಕೊಂಡು ಬಂದವರನ್ನು ಗುರಾಯಿಸುವುದು. ಸಾಹುಕಾರ ಬಂದರೆ ಓಡಿಹೋಗಿ ಕಾಲು ನೆಕ್ಕುವುದು. ಅಷ್ಟಕ್ಕೆ ಎ.ಸಿ. ಕಾರು. ಥೂ!

ಮುಧೋಳದ ದವಾಖಾನೆಯಲ್ಲಿ ಡಾಕ್ಟರ್ ಧನಶ್ರೀ ರಕ್ತದ ಪರೀಕ್ಷೆ ಮುಗಿಸಿ ಹೊರಬಂದರು.

“ರಕ್ತದಾಗ ಸೀಸ ಸೇರೇತ್ರಿ. ಕಬ್ಬಿಣಕ್ಕ ತುಕ್ಕು ಹಿಡದಂಗ ಮೈಯೊಳಗೂ ಹಿಡೀತೈತಿ. ಅದನ್ನ ತಡಿಯೂ ಶಕ್ತಿ ಮೈಯಾಗ ಇರತೈತಿ ಖರೆ, ಆದ್ರ ಸೀಸ ಮೊದಲ ಅದನ್ನ ತಿಂದು ಮುಗಸ್ತೈತಿ. ಆಮ್ಯಾಲ ರಕ್ತ, ಲಿವರು, ಮೂತ್ರಪಿಂಡ, ಒಂದೊಂದ ಕೆಡತಾವು. ಇನ್ನ ಆ ಶೆಡ್ಡಿನಾಗ ಇಡಬ್ಯಾಡ್ರಿ.”

ನಿಶಾಂತನ ಕಣ್ಣು ತುಂಬಿದವು. ಅವನಿಗೂ ಕಣ್ಣೀರು ಬರುತ್ತದೆಂದು ಧರೆಪ್ಪನಿಗೆ ಗೊತ್ತಾದದ್ದು ಅಂದೇ.

“ಎಷ್ಟರ ಖರ್ಚ ಆಗ್ಲಿ, ಅಂವ ಉಳೀಬೇಕ್ರಿ ಮೇಡಂ.”

ಧರೆಪ್ಪ ಧೈರ್ಯ ಮಾಡಿದ. “ನಾನೂ ಅದ ಶೆಡ್ಡಿನಾಗ ಇರ್ತೇನ್ರಿ ಬಾಯಾರ. ನನ್ನ ರಕ್ತಾನೂ ಒಂದೀಟ ನೋಡ್ರಲ್ಲ.”

ಧನಶ್ರೀ ಅವನ ಜೋತ ಮುಂಗೈಯನ್ನೇ ನೋಡಿದರು. ಅವರ ಮುಖ ಸಣ್ಣದಾಯಿತು. “ನಿಮ್ಮನ್ನ ನಾ ನೋಡೂ ಹಂಗಿಲ್ರಿ. ಇವತ್ತ ದೊಡ್ಡ ದವಾಖಾನಿಗೆ ಹೋಗ್ರಿ, ತಡಾ ಮಾಡಬ್ಯಾಡ್ರಿ.”

“ಅವಂದೇನ ಹಚ್ಚೀರಿ, ಗಟ್ಟಿ ಜೀವ ಅದು,” ಎಂದು ನಿಶಾಂತ ನಕ್ಕ.

ಹೊರಗೆ ಬಂದಾಗ ಸಾಹುಕಾರನ ತೀರ್ಮಾನ ಆಗಿಹೋಗಿತ್ತು. “ಭೂಪಾಲ ಇನ್ನ ನಮ್ಮ ಮನ್ಯಾಗ ಇರ್ತಾನ. ಆ ವಿಷದಾಗ ಬ್ಯಾಡ.”

ಧರೆಪ್ಪನ ಎದೆಯಲ್ಲಿ ಸಣ್ಣ ಆಸೆ ಎದ್ದಿತು. “ಮತ್ತ ನನಗ್ರೀ, ಸಾವ್ಕಾರ್ರ?”

“ನೀ ಬಸ್ ಹಿಡದು ಶೆಡ್ಡಿಗೆ ಹೋಗು. ಇವತ್ತಿನಿಂದ ರಾತ್ರಿನೂ ಅಲ್ಲೇ ಬಾಗಲಾಗ ಮಲ್ಕೋ. ಕಾಯಾಕ ಯಾರರ ಬೇಕಲ್ಲಲೇ?”

ಹಾಗೆಂದು ನಿಶಾಂತ ತನ್ನ ಮುಧೋಳ ನಾಯಿ ಭೂಪಾಲನನ್ನು ಎರಡೂ ಕೈಯಿಂದ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ. ಅದು ಧರೆಪ್ಪನ ಕಡೆ ನೋಡಿ ಬಾಲ ಅಲ್ಲಾಡಿಸಿತು.